ಕಡಲಲ್ಲಿ ದಾರಿ ತೋರುವ ಯಂತ್ರಗಳು: ಯಾವುದನ್ನು ನಂಬಬೇಕು?

ಅಂಕೋಲೆಯಿಂದ ಹುಬ್ಬಳ್ಳಿಯ ಕಡೆಗೆ ಹೊರಟ ಹೆದ್ದಾರಿಯಲ್ಲಿ ಅಗಸೂರು ಎಂಬ ಊರಿದೆ. ಗಂಗಾವಳಿ ನದಿಯು ಘಟ್ಟವನ್ನು ಇಳಿದು, ಈ ಊರಿನ ಸೀಮೆಯನ್ನು ಹಾಯ್ದು, ಮಂಜಗುಣಿಯ ಬಳಿ ಅರಬ್ಬಿ ಸಮುದ್ರವನ್ನು ಸೇರುವುದು. ಅಗಸೂರಿನ ಹೊಳೆಯಲ್ಲಿ ದೋಣಿ ನಡೆಸುವವನಿಗೆ ದಾರಿ ತೋರಲು ಯಾವ ಯಂತ್ರವೂ ಬೇಡ. ಎರಡು ಕಡೆಯಲ್ಲಿಯೂ ದಂಡೆಯಿದೆ. ಗುಡ್ಡವಿದೆ, ತೋಟವಿದೆ, ಗುರುತಿನ ಮರವಿದೆ. ಆದರೆ ಅದೇ ದೋಣಿ ಅಳಿವೆಯನ್ನು ದಾಟಿ, ದಂಡೆ ಮಸಕಾಗಿ, ಕೊನೆಗೆ ಸಹ್ಯಾದ್ರಿಯ ನೀಲರೇಖೆಯೂ ನೀರಿನೊಳಗೆ ಅಡಗಿತೆಂದರೆ, ಎತ್ತ ನೋಡಿದರೂ ಒಂದೇ ವೃತ್ತ. ಆ ವೃತ್ತದ ನಡುವೆ ನಿಂತವನಿಗೆ 'ನಾನೆಲ್ಲಿದ್ದೇನೆ?' ಎಂಬ ಪ್ರಶ್ನೆಯು ಪ್ರಾಣದ ಪ್ರಶ್ನೆಯಾಗುವುದು.

ಈ ಕಾಲದಲ್ಲಿ ಇದೊಂದು ಪ್ರಶ್ನೆಯೇ ಎಂದು ತರುಣ ವಾಚಕರು ಕೇಳಬಹುದು. ಕಿಸೆಯಲ್ಲಿರುವ ಫೋನೇ ನಮ್ಮ ಸ್ಥಳವನ್ನು ಕೆಲವು ಮೀಟರುಗಳೊಳಗೆ ತಿಳಿಸುತ್ತದೆಯಲ್ಲ! ಅದು ನಿಜವೇ. ಸ್ಥಳವನ್ನು ತಿಳಿಸುವ ಯಂತ್ರ ದೊರೆಯುವುದು ಇಂದು ಕಷ್ಟವಲ್ಲ. ಆ ಯಂತ್ರ ಸುಳ್ಳು ಹೇಳಿದಾಗ, ಅಥವಾ ಮೌನವಾದಾಗ, ಅದನ್ನು ಕಂಡುಹಿಡಿಯುವುದು ಹೇಗೆ ಎಂಬುದೇ ಕಷ್ಟದ ಮಾತು. ತೀರದಿಂದ ದೂರ ಸಾಗುವ ಒಂದು ಚಿಕ್ಕ ಹಾಯಿದೋಣಿಗೆ ಯಾವ ಯಾವ ಉಪಕರಣಗಳನ್ನು ಆರಿಸಬೇಕು, ಆರಿಸುವಾಗ ಯಾವ ತತ್ತ್ವವನ್ನು ಹಿಡಿಯಬೇಕು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಮೂರು ಡಿಗ್ರಿಯ ಬೆಲೆ

ಮೊದಲು ಒಂದು ಲೆಕ್ಕ. ನಾವು ಕಾರವಾರದಿಂದ ಹಾಯಿದೋಣಿಯಲ್ಲಿ ಲಕ್ಷದ್ವೀಪದ ಕವರತ್ತಿಗೆ ಹೊರಟಿದ್ದೇವೆಂದು ಭಾವಿಸೋಣ. ನೇರವಾದ ದೂರ ಸುಮಾರು 268 ನಾಟಿಕಲ್ ಮೈಲಿ, ಎಂದರೆ ಹೆಚ್ಚುಕಡಮೆ 500 ಕಿಲೋಮೀಟರು. ಗಂಟೆಗೆ 5 ನಾಟಿಕಲ್ ಮೈಲಿಯಂತೆ ಸಾಗಿದರೆ 54 ಗಂಟೆಗಳ ಪ್ರಯಾಣ. ಹೊರಡುವಾಗ ನಮಗೆ ಹಿಂದಿನ ಬೆಟ್ಟಗಳ ಆಸರೆ ಬಹಳ ಹೊತ್ತು ಇರುವುದು. ಏಕೆಂದರೆ, ಒಂದು ವಸ್ತುವಿನ ಎತ್ತರವನ್ನು ಮೀಟರಿನಲ್ಲಿ ಬರೆದು, ಅದರ ವರ್ಗಮೂಲವನ್ನು 3.86ರಿಂದ ಗುಣಿಸಿದರೆ, ಭೂಮಿಯ ಗೋಲಾಕಾರದ ಮೇಲೆ ಅದು ಎಷ್ಟು ಕಿಲೋಮೀಟರು ದೂರದವರೆಗೆ ಕಾಣಬಹುದೆಂಬುದು ದೊರೆಯುತ್ತದೆ. 600 ಮೀಟರ್ ಎತ್ತರದ ಗುಡ್ಡ ತಿಳಿಯಾದ ಹವೆಯಲ್ಲಿ ಸುಮಾರು 94 ಕಿಲೋಮೀಟರಿಗೆ ಕಾಣಬಲ್ಲುದು.

ಆದರೆ ಮುಂದೆ ಸೇರಬೇಕಾದ ಕವರತ್ತಿಯಲ್ಲಿ ಬೆಟ್ಟವೆಂಬುದೇ ಇಲ್ಲ. ಅದು ಹವಳದ ದ್ವೀಪ. ನೆಲ ನೀರಿನ ಮಟ್ಟದಿಂದ ಕೆಲವೇ ಮೀಟರು ಎತ್ತರ. ನಮಗೆ ಮೊದಲು ಕಾಣುವುದು ತೆಂಗಿನ ಗರಿಗಳು. ಗರಿಗಳ ತುದಿ 20 ಮೀಟರಿನಲ್ಲಿಯೂ ನಮ್ಮ ಕಣ್ಣು 2.5 ಮೀಟರಿನಲ್ಲಿಯೂ ಇವೆಯೆಂದು ಹಿಡಿದರೆ, ಎರಡರ ದೂರವನ್ನೂ ಕೂಡಿಸಿ ಸಿಗುವುದು ಕೇವಲ 23 ಕಿಲೋಮೀಟರು. ಈಗ ನಮ್ಮ ದಿಕ್ಕಿನಲ್ಲಿ ಬರಿಯ 3 ಡಿಗ್ರಿಯ ತಪ್ಪಿತ್ತೆನ್ನಿ. 500 ಕಿಲೋಮೀಟರಿನ ಕೊನೆಯಲ್ಲಿ ಅದು 26 ಕಿಲೋಮೀಟರಿನ ತಪ್ಪಾಗಿ ಬೆಳೆದಿರುತ್ತದೆ. ಗಂಟೆಗೆ ಅರ್ಧ ಕಿಲೋಮೀಟರಿನ ಅಡ್ಡಪ್ರವಾಹವೊಂದು ನಮಗೆ ಅರಿವಾಗದಂತೆ ದೋಣಿಯನ್ನು ತಳ್ಳುತ್ತಿದ್ದರೂ 54 ಗಂಟೆಗಳಲ್ಲಿ 27 ಕಿಲೋಮೀಟರು ಸರಿದಿರುತ್ತೇವೆ. ಹಾಗಾದರೆ ದ್ವೀಪವು ಕಣ್ಣಿಗೆ ಬೀಳದೆಯೇ ಪಕ್ಕದಲ್ಲಿ ಹಾದುಹೋಗುವುದು. ಮುಂದಿರುವುದು ತೆರೆದ ಸಮುದ್ರ. ಇಲ್ಲವೆ ಕತ್ತಲೆಯಲ್ಲಿ ಹವಳದ ದಿಬ್ಬವೇ ನಮ್ಮನ್ನು ಕಂಡುಹಿಡಿಯಬಹುದು. ಯಾನಸಾಧನಗಳ ಅಗತ್ಯವೇನೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಮರ್ಥನೆ ಬೇಕಿಲ್ಲ.

ಆಕಾಶದಿಂದ ಬರುವ ಸಾಕ್ಷ್ಯ

ಈ ಕಷ್ಟವನ್ನು ಉಪಗ್ರಹಗಳು ಬಹುಮಟ್ಟಿಗೆ ನೀಗಿವೆ. ಜಿ.ಪಿ.ಎಸ್. ಉಪಗ್ರಹಗಳು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, ತಮ್ಮ ಸ್ಥಾನವನ್ನೂ ತಮ್ಮ ಗಡಿಯಾರದ ವೇಳೆಯನ್ನೂ ರೇಡಿಯೋ ಅಲೆಗಳಲ್ಲಿ ಸಾರುತ್ತಲೇ ಇರುತ್ತವೆ. ನೆತ್ತಿಯ ಮೇಲಿನ ಉಪಗ್ರಹದಿಂದ ಆ ಅಲೆ ನಮ್ಮನ್ನು ತಲುಪಲು ಸೆಕೆಂಡಿನ ನೂರರಲ್ಲಿ ಏಳು ಭಾಗದಷ್ಟು ಕಾಲ ಹಿಡಿಯುವುದು. ಆ ಕಾಲವನ್ನು ಅಳೆದು ದೋಣಿಯ ಗ್ರಾಹಕಯಂತ್ರವು ದೂರವನ್ನು ಲೆಕ್ಕಹಾಕುತ್ತದೆ. ಮೂರು ದೂರಗಳಿಂದ ಸ್ಥಳ ತಿಳಿಯಬೇಕು. ಆದರೆ ಗ್ರಾಹಕದ ಅಗ್ಗದ ಗಡಿಯಾರದಲ್ಲಿರುವ ತಪ್ಪನ್ನೂ ಕಂಡುಹಿಡಿಯಬೇಕಾದುದರಿಂದ ನಾಲ್ಕನೆಯ ಉಪಗ್ರಹ ಅಗತ್ಯವಾಗುವುದು. ಕಾಲದಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೆ ದೂರದಲ್ಲಿ 300 ಮೀಟರ್ ತಪ್ಪುವುದು. ಅದಕ್ಕಾಗಿಯೇ ಪ್ರತಿಯೊಂದು ಉಪಗ್ರಹದಲ್ಲಿಯೂ ಪರಮಾಣು ಗಡಿಯಾರಗಳಿವೆ.

ನಮ್ಮ ದೇಶವೂ 'ನಾವಿಕ್' ಎಂಬ ಸ್ವಂತ ವ್ಯವಸ್ಥೆಯನ್ನು ಕಟ್ಟಿಕೊಂಡಿತು. ಅದರ ಕೇಂದ್ರವಿರುವುದು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ. ಅದರ ಮೊದಲ ಉಪಗ್ರಹವು 2013ರ ಜುಲೈ 1ರಂದು ಆಕಾಶಕ್ಕೇರಿತು. ಒಂದು ಕೆಟ್ಟರೆ ಮತ್ತೊಂದಿರಲೆಂದು ಅದರಲ್ಲಿ 3 ಪರಮಾಣು ಗಡಿಯಾರಗಳನ್ನು ಇಟ್ಟಿದ್ದರು. ಆದರೆ ಕೆಲವೇ ವರ್ಷಗಳಲ್ಲಿ ಆ ಮೂರೂ ಕೆಟ್ಟು, ಸ್ಥಳನಿರ್ಣಯಕ್ಕೆ ಆ ಉಪಗ್ರಹ ಒದಗದಂತಾಯಿತು. 2023ರಲ್ಲಿ ಹಾರಿಸಿದ ಎನ್.ವಿ.ಎಸ್.-01 ಉಪಗ್ರಹದಲ್ಲಿ ನಮ್ಮ ದೇಶದಲ್ಲಿಯೇ ತಯಾರಾದ ಗಡಿಯಾರವನ್ನೂ ಇಟ್ಟರು.

ಈ ಪ್ರಸಂಗವನ್ನು ನಾವು ಸುಮ್ಮನೆ ಹೇಳಲಿಲ್ಲ. ದೋಣಿಯ ಉಪಕರಣಗಳ ಆಯ್ಕೆಗೆ ಬೇಕಾದ ಮುಖ್ಯ ತತ್ತ್ವ ಇದರಲ್ಲಿಯೇ ಅಡಗಿದೆ. ಒಂದೇ ಮಾದರಿಯ ಮೂರು ವಸ್ತುಗಳು ಎಲ್ಲ ಸಂದರ್ಭಗಳಲ್ಲಿಯೂ ಮೂರು ಆಧಾರಗಳಾಗುವುದಿಲ್ಲ. ಒಂದನ್ನು ಕೆಡಿಸುವ ಕಾರಣವು ಮೂರನ್ನೂ ಕೆಡಿಸಬಲ್ಲುದು. ನ್ಯಾಯಾಲಯದಲ್ಲಿ ಒಬ್ಬನಿಂದಲೇ ಕೇಳಿ ಬಂದ ಮೂವರು ಹೇಳಿದ ಮಾತು ಮೂರು ಸಾಕ್ಷ್ಯಗಳೆನಿಸುವುದಿಲ್ಲವಷ್ಟೆ? ಹಾಗೆಯೇ, ಒಂದು ದೋಣಿಯಲ್ಲಿ ಮೂರು ಜಿ.ಪಿ.ಎಸ್. ಯಂತ್ರಗಳಿದ್ದರೂ ಅವು ಕೇಳುವುದು ಒಂದೇ ಆಕಾಶದ ಮಾತನ್ನು. ಆ ಮಾತು ನೆಲವನ್ನು ಮುಟ್ಟುವಾಗ ಅತಿ ಕ್ಷೀಣವಾಗಿರುವುದರಿಂದ ಅದನ್ನು ಅಡಗಿಸುವುದೂ ನಕಲು ಮಾಡುವುದೂ ಸಾಧ್ಯ. 2017ರ ಜೂನಿನಲ್ಲಿ ಕಪ್ಪು ಸಮುದ್ರದಲ್ಲಿದ್ದ ಸುಮಾರು 20 ಹಡಗುಗಳ ಯಂತ್ರಗಳು, ಆ ಹಡಗುಗಳು ನೆಲದ ಮೇಲಿನ ಒಂದು ವಿಮಾನನಿಲ್ದಾಣದಲ್ಲಿವೆಯೆಂದು ತೋರಿಸಿದವು. ಯಾವ ಯಂತ್ರವೂ ಕೆಟ್ಟಿರಲಿಲ್ಲ. ಎಲ್ಲವೂ ಒಟ್ಟಾಗಿ ಮೋಸಹೋಗಿದ್ದವು.

ಆದುದರಿಂದ ಉಪಕರಣವನ್ನು ಕೊಳ್ಳುವ ಮುನ್ನ 'ಇದು ಎಷ್ಟು ನಿಖರ?' ಎಂದು ಕೇಳುವುದಕ್ಕಿಂತ 'ಇದು ಯಾವ ಕಾರಣದಿಂದ ಕೆಡಬಹುದು? ಆ ಕಾರಣದಿಂದ ಕೆಡದಿರುವ ಇನ್ನೊಂದು ಸಾಧನ ನಮ್ಮಲ್ಲಿದೆಯೇ?' ಎಂದು ಕೇಳುವುದು ಜಾಣತನ. ಮುಂದಿನ ವಿವೇಚನೆಗೆಲ್ಲ ಈ ಪ್ರಶ್ನೆಯೇ ಒರೆಗಲ್ಲು.

ವಿದ್ಯುತ್ತು, ಉಪ್ಪು, ಸಿಡಿಲು

ದೋಣಿಯ ಎಲ್ಲ ಯಂತ್ರಗಳಿಗೂ ಸಮಾನವಾದ ಮೊದಲ ಶತ್ರುವೆಂದರೆ ಬರಿದಾದ ಬ್ಯಾಟರಿ. ನಮ್ಮ ದೋಣಿಯಲ್ಲಿ 12 ವೋಲ್ಟಿನ, 200 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಿದೆಯೆಂದು ಇಟ್ಟುಕೊಳ್ಳೋಣ. ಅದನ್ನು ಅರ್ಧಕ್ಕಿಂತ ಹೆಚ್ಚು ಬಳಸಿದರೆ ಆಯುಷ್ಯ ಕುಗ್ಗುವುದರಿಂದ ನಮಗೆ ದೊರೆಯುವುದು 100 ಆಂಪಿಯರ್-ಗಂಟೆ ಮಾತ್ರ. ನಕ್ಷೆ ತೋರುವ ಪರದೆ 1.5 ಆಂಪಿಯರ್, ರೇಡಿಯೋ ಅರ್ಧ, ಆಳ ಮತ್ತು ಗಾಳಿಯನ್ನು ಅಳೆಯುವ ಯಂತ್ರಗಳು ಅರ್ಧ, ಹಡಗುಗಳನ್ನು ಗುರುತಿಸುವ ಯಂತ್ರ 0.3 ಆಂಪಿಯರ್ ಎಳೆದರೆ ದಿನಕ್ಕೆ ಸುಮಾರು 67 ಆಂಪಿಯರ್-ಗಂಟೆ ಖರ್ಚಾಗುವುದು. ಒಂದೂವರೆ ದಿನ ಸಾಗೀತು. ಇದಕ್ಕೆ ಸರಾಸರಿ 4 ಆಂಪಿಯರ್ ಎಳೆಯುವ ವಿದ್ಯುತ್ ಚುಕ್ಕಾಣಿಯನ್ನು ಸೇರಿಸಿದೊಡನೆ ದಿನದ ಖರ್ಚು 163ಕ್ಕೆ ಏರಿ, 15 ಗಂಟೆಗಳಲ್ಲಿಯೇ ಬ್ಯಾಟರಿ ಸೋಲುವುದು. ಕವರತ್ತಿ ಇನ್ನೂ 39 ಗಂಟೆ ದೂರವಿರುತ್ತದೆ! ಸೌರಫಲಕವೂ ಎಂಜಿನ್ನಿನ ಡೈನಮೋವೂ ಈ ಕೊರತೆಯನ್ನು ತುಂಬಬೇಕು. ಆದರೆ ಮೋಡ ಕವಿದ ದಿನ, ಎಂಜಿನ್ ಹತ್ತದ ದಿನ ಯಾವಾಗಲಾದರೂ ಬಂದೇ ಬರುವುದು. ಅನುಭವಿಗಳು ಗಾಳಿಯ ಬಲದಿಂದಲೇ ಚುಕ್ಕಾಣಿ ತಿರುಗಿಸುವ ಯಾಂತ್ರಿಕ ಸಾಧನವನ್ನು ಮೆಚ್ಚುವುದು ಈ ಕಾರಣದಿಂದ.

ಎರಡನೆಯ ಶತ್ರು ಉಪ್ಪು. ಮಳೆಗಾಲದಲ್ಲಿ ಕಾರವಾರದ ಮನೆಗಳ ಕಬ್ಬಿಣದ ಕಿಟಕಿಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಪ್ಪುನೀರು ವಿದ್ಯುತ್ತನ್ನು ಸಾಗಿಸುವ ದ್ರವ. ಎರಡು ಬೇರೆ ಲೋಹಗಳು ಅದರಲ್ಲಿ ಕೂಡಿದರೆ ಅಲ್ಲಿಯೇ ಒಂದು ಪುಟ್ಟ ವಿದ್ಯುತ್ಕೋಶವುಂಟಾಗಿ ಒಂದು ಲೋಹ ಕರಗತೊಡಗುವುದು. ಬಹುತೇಕ ಯಂತ್ರಗಳು ಕೆಡುವುದು ಒಳಗಿನ ಸೂಕ್ಷ್ಮ ಭಾಗಗಳಿಂದಲ್ಲ, ತಂತಿಗಳ ಕೀಲುಗಳಿಂದ. ಆದ್ದರಿಂದ ತವರದ ಲೇಪವುಳ್ಳ ತಾಮ್ರದ ತಂತಿ, ಬಿಗಿಯಾಗಿ ಮುಚ್ಚಿದ ಕೀಲುಗಳು, ಪ್ರತಿಯೊಂದು ಯಂತ್ರಕ್ಕೂ ಬೇರೆ ಬೇರೆ ಫ್ಯೂಸು, ಇವುಗಳ ಮೇಲೆ ಖರ್ಚುಮಾಡಿದ ಹಣ ದೊಡ್ಡ ಪರದೆಗೆ ಸುರಿದ ಹಣಕ್ಕಿಂತ ಹೆಚ್ಚು ಕಾಯುವುದು. ಯಂತ್ರದ ಮೇಲೆ 'ಐ.ಪಿ.ಎಕ್ಸ್.7' ಎಂಬ ಗುರುತಿದ್ದರೆ, 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸಿದರೂ ಕೆಡದೆಂಬ ಪರೀಕ್ಷೆಯಲ್ಲಿ ಅದು ಗೆದ್ದಿದೆಯೆಂದು ಅರ್ಥ. ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ ಎಂಬುದನ್ನು ಮಾತ್ರ ಮರೆಯಬಾರದು.

ಮೂರನೆಯದು ಸಿಡಿಲು. ಬಯಲಾದ ಕಡಲಿನಲ್ಲಿ ಹಾಯಿದೋಣಿಯ ಕೂವೆಯೇ ಎಲ್ಲಕ್ಕಿಂತ ಎತ್ತರದ ವಸ್ತು. ಒಂದು ಸಿಡಿಲು, ತಂತಿಯಿಂದ ಕೂಡಿದ ಎಲ್ಲ ಯಂತ್ರಗಳನ್ನೂ ಒಂದೇ ಕ್ಷಣದಲ್ಲಿ ಸುಡಬಲ್ಲುದು. ಅದಕ್ಕೆ ಉಪಾಯವೇನು? ಸ್ವಂತ ಬ್ಯಾಟರಿಯುಳ್ಳ, ಕೈಯಲ್ಲಿ ಹಿಡಿಯುವ ಚಿಕ್ಕದೊಂದು ಜಿ.ಪಿ.ಎಸ್. ಯಂತ್ರವನ್ನೂ ರೇಡಿಯೋವನ್ನೂ ಮುಚ್ಚಳ ಬಿಗಿದ ಲೋಹದ ಡಬ್ಬಿಯಲ್ಲಿಡುವುದು. ವಿದ್ಯುತ್ತು ಲೋಹದ ಹೊರಮೈಯಲ್ಲಿಯೇ ಹರಿದು ಒಳಗಣ ವಸ್ತುವನ್ನು ಬಾಧಿಸದೆಂಬುದನ್ನು ಫ್ಯಾರಡೆ ಮಹಾಶಯನು 19ನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟಿದ್ದಾನೆ. ಈ ಡಬ್ಬಿಯ ಯಂತ್ರ ಪರದೆಯ ಯಂತ್ರಕ್ಕಿಂತ ಹೆಚ್ಚು ನಿಖರವೇನೂ ಅಲ್ಲ. ಆದರೆ ಅದು ಬೇರೆಯ ಕಾರಣದಿಂದ ಕೆಡುವಂಥದು. ಅದರ ಬೆಲೆಯಿರುವುದು ಅಲ್ಲಿಯೇ.

ಪರದೆಯಲ್ಲಿ ಕಾಣದುದು

ನಾಲ್ಕನೆಯ ಕಾರಣವು ಯಂತ್ರದ ಹೊರಗಿದೆ. ಅದು ನೋಡುವ ಮನುಷ್ಯ. 2014ರ ನವೆಂಬರ್ 29ರ ರಾತ್ರಿ, ವೋಲ್ವೊ ಓಷನ್ ರೇಸ್ ಎಂಬ ಪಂದ್ಯದಲ್ಲಿದ್ದ 'ಟೀಮ್ ವೆಸ್ತಾಸ್ ವಿಂಡ್' ದೋಣಿಯು ಮಾರಿಷಸ್ಸಿನ ಈಶಾನ್ಯಕ್ಕಿರುವ ಕಾರ್ಗಾಡೋಸ್ ಕಾರಾಜೋಸ್ ಎಂಬ ಹವಳದ ದಿಬ್ಬಕ್ಕೆ ಬಡಿಯಿತು. ಅದರಲ್ಲಿ ಉತ್ತಮೋತ್ತಮ ಯಂತ್ರಗಳಿದ್ದುವು. ಅವೆಲ್ಲ ಸರಿಯಾಗಿ ಕೆಲಸಮಾಡುತ್ತಿದ್ದುವು. ಆದರೆ ಇಲೆಕ್ಟ್ರಾನಿಕ್ ನಕ್ಷೆಯನ್ನು ಕಿರಿದಾಗಿಸಿ ನೋಡಿದಾಗ ದಿಬ್ಬದ ವಿವರಗಳು ಮರೆಯಾಗಿದ್ದುವು, ಹಿಗ್ಗಿಸಿ ನೋಡಿರಲಿಲ್ಲ. ದೈವವಶಾತ್ 9 ಮಂದಿಯೂ ಬದುಕಿ ಉಳಿದರು. ಕಾಗದದ ನಕ್ಷೆಯಾದರೋ ತನ್ನಲ್ಲಿರುವುದನ್ನು ಅಡಗಿಸಿಡುವುದಿಲ್ಲ. ಅದಕ್ಕೆ ಬ್ಯಾಟರಿಯೂ ಬೇಡ. ಹೊರಡುವ ಮುನ್ನ ದಾರಿಯುದ್ದಕ್ಕೂ ನಕ್ಷೆಯನ್ನು ಹಿಗ್ಗಿಸಿ ನೋಡುವುದೂ, ಪ್ರತಿ ಗಂಟೆಗೊಮ್ಮೆ ಸ್ಥಳವನ್ನು ಕಾಗದದ ಮೇಲೆ ಗುರುತಿಸುವುದೂ ಹಳೆಯ ಕಾಲದ ಆಚಾರವೆಂದು ಯಾರೂ ನಗಬೇಕಾಗಿಲ್ಲ. ಯಂತ್ರಗಳೆಲ್ಲ ಆರಿಹೋದರೂ ಒಂದು ಗಂಟೆಯ ಹಿಂದೆ ಎಲ್ಲಿದ್ದೆವೆಂಬುದು ಆ ಕಾಗದದಲ್ಲಿ ಉಳಿದಿರುತ್ತದೆ.

ಇತರ ಹಡಗುಗಳನ್ನು ಗುರುತಿಸುವ ಎ.ಐ.ಎಸ್. ಎಂಬ ಸಾಧನದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಪ್ರತಿಯೊಂದು ದೊಡ್ಡ ಹಡಗೂ ತನ್ನ ಹೆಸರು, ಸ್ಥಳ, ದಿಕ್ಕು, ವೇಗಗಳನ್ನು ರೇಡಿಯೋ ಮೂಲಕ ಸಾರುತ್ತಿರುವುದು. ನಮ್ಮ ಪರದೆಯಲ್ಲಿ ಅದು ಒಂದು ತ್ರಿಕೋನವಾಗಿ ಮೂಡುವುದು. ಕೆಲವೇ ಮಂದಿಯಿರುವ ಚಿಕ್ಕ ದೋಣಿಗೆ ಇದು ದೊಡ್ಡ ಉಪಕಾರ, ಮಿತವ್ಯಯದ್ದೂ ಹೌದು. ಆದರೆ ಸಾರುವವರನ್ನು ಮಾತ್ರ ಅದು ಕೇಳಬಲ್ಲುದು. ಕಾರವಾರದ ಬೈತಕೋಲದಿಂದಲೋ ಬೇಲೇಕೇರಿಯಿಂದಲೋ ಹೊರಟ ಸಣ್ಣ ಮೀನುದೋಣಿಯಲ್ಲಿ ಆ ಯಂತ್ರವಿಲ್ಲದಿದ್ದರೆ ಪರದೆಯ ಮೇಲೆ ಆ ದೋಣಿಯೇ ಇಲ್ಲ. ನೀರಿನ ಮೇಲೆ ಮಾತ್ರ ಅದೂ ಇದೆ, ಅದರಲ್ಲಿ ಮನುಷ್ಯರೂ ಇದ್ದಾರೆ. ರೇಡಾರ್ ಯಂತ್ರವು ತಾನೇ ಅಲೆಯನ್ನು ಕಳುಹಿಸಿ ಪ್ರತಿಧ್ವನಿಯನ್ನು ಕಾಯುವುದರಿಂದ ಎದುರಿನವನ ಮಾತಿಗಾಗಿ ಅದು ಕಾಯಬೇಕಿಲ್ಲ. ಆದರೆ ಮರದ ದೋಣಿಯಿಂದ ಮರಳುವ ಪ್ರತಿಧ್ವನಿ ಬಲು ದುರ್ಬಲ. ಹೀಗೆ ಒಂದರ ಕುರುಡನ್ನು ಇನ್ನೊಂದು ತುಂಬಬೇಕು. ಇವೆರಡರ ಕುರುಡನ್ನು ಕಣ್ಣು ತುಂಬಬೇಕು.

ಆಳವನ್ನು ಅಳೆಯುವ ಪ್ರತಿಧ್ವನಿಯಂತ್ರವನ್ನು ನಾವು ಬಹಳ ಮೇಲಿನ ಸ್ಥಾನದಲ್ಲಿಡುತ್ತೇವೆ. ಶಬ್ದವು ಕಡಲನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುವುದು. ಪ್ರತಿಧ್ವನಿ ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗದಲ್ಲಿ ಮರಳಿದರೆ ಹೋಗಿಬರುವ ದೂರ 60 ಮೀಟರು, ಆಳ 30 ಮೀಟರು. ಇದಕ್ಕೆ ಉಪಗ್ರಹದ ಹಂಗಿಲ್ಲ. ನಕ್ಷೆಯಲ್ಲಿ ಜಿ.ಪಿ.ಎಸ್. ತೋರಿಸಿದ ಸ್ಥಳದಲ್ಲಿ 60 ಮೀಟರ್ ಆಳವಿರಬೇಕಾಗಿದ್ದು, ಯಂತ್ರ 20 ಮೀಟರೆಂದರೆ, ಇಬ್ಬರು ಸಾಕ್ಷಿಗಳಲ್ಲಿ ಒಬ್ಬನು ತಪ್ಪಿದ್ದಾನೆಂದು ತಿಳಿದು ಒಡನೆಯೇ ಹಾಯಿ ತಗ್ಗಿಸಬೇಕು. ನಮ್ಮ ಕರಾವಳಿಯ ಪತ್ತೆಮಾರಿ, ಮಚ್ಚವೆಗಳ ತಂಡೇಲರು ಇದೇ ಕೆಲಸವನ್ನು ಹಗ್ಗಕ್ಕೆ ಕಟ್ಟಿದ ಸೀಸದ ಗುಂಡಿನಿಂದ ಮಾಡುತ್ತಿದ್ದರು.

ನಾವೆಲ್ಲಿದ್ದೇವೆಂದು ಇತರರು ತಿಳಿಯುವುದು

ಇದುವರೆಗೆ ಹೇಳಿದುದೆಲ್ಲ ನಮ್ಮ ಸ್ಥಳವನ್ನು ನಾವು ತಿಳಿಯುವ ವಿಚಾರ. ಅಪಾಯದಲ್ಲಿ ಅದು ಸಾಲದು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ 'ಸುವರ್ಣ ತ್ರಿಭುಜ' ಎಂಬ ಮೀನುಗಾರಿಕೆಯ ದೋಣಿ ಹೊರಟಿತು. ಅದರಲ್ಲಿ ಉತ್ತರ ಕನ್ನಡ ಮತ್ತು ಉಡುಪಿ ಜಿಲ್ಲೆಗಳ 7 ಮಂದಿ ಇದ್ದರು. ಡಿಸೆಂಬರ್ 15ರ ರಾತ್ರಿಯ ಬಳಿಕ ಅವರ ಸುದ್ದಿ ನಿಂತಿತು. ದೋಣಿಯ ಅವಶೇಷ ಮಹಾರಾಷ್ಟ್ರದ ಮಾಲ್ವಣದಾಚೆಯ ಕಡಲತಳದಲ್ಲಿ ನೌಕಾಪಡೆಯ ಹಡಗಿಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಆ ದುರಂತದ ಕಾರಣವನ್ನು ಚರ್ಚಿಸುವುದು ನಮ್ಮ ಉದ್ದೇಶವಲ್ಲ. ನಾಲ್ಕೂವರೆ ತಿಂಗಳು ದಂಡೆಯಲ್ಲಿ ಕಾದ ಮನೆಮಂದಿಗೆ 'ಎಲ್ಲಿ?' ಎಂಬ ಒಂದೇ ಪ್ರಶ್ನೆಗೆ ಉತ್ತರವಿರಲಿಲ್ಲವೆಂಬುದನ್ನು ಮಾತ್ರ ನೆನೆಯೋಣ.

ಇನ್ನೊಂದು ಪ್ರಸಂಗ ಅದೇ ವರ್ಷದ್ದು. ನೌಕಾಪಡೆಯ ಕಮಾಂಡರ್ ಅಭಿಲಾಷ್ ಟೋಮಿಯವರು ಗೋಲ್ಡನ್ ಗ್ಲೋಬ್ ಎಂಬ ಏಕಾಂಗಿ ಯಾನದ ಪಂದ್ಯದಲ್ಲಿದ್ದರು. 1968ರ ಕಾಲದ ಸಾಧನಗಳಿಂದಲೇ ದಾರಿ ಕಾಣಬೇಕೆಂಬುದು ಆ ಪಂದ್ಯದ ನಿಯಮ. ಆದರೆ ಆಪತ್ತಿಗೆಂದು ಆಧುನಿಕ ಸೂಚಕಯಂತ್ರಗಳು ದೋಣಿಯಲ್ಲಿದ್ದುವು. 2018ರ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಕೂವೆ ಮುರಿದು, ಬೆನ್ನಿಗೆ ಪೆಟ್ಟಾಗಿ, ಅವರು ಏಳಲಾರದೆ ಬಿದ್ದರು. ಯಾವ ಖಂಡದ ನೆಲಕ್ಕೂ ಸಾವಿರಾರು ಕಿಲೋಮೀಟರ್ ದೂರ. ಆದರೂ ಸೆಪ್ಟೆಂಬರ್ 24ರಂದು ಫ್ರೆಂಚರ ಹಡಗೊಂದು ಅವರನ್ನು ಎತ್ತಿಕೊಂಡಿತು. ಎಲ್ಲಿ ಹುಡುಕಬೇಕೆಂಬುದು ಲೋಕಕ್ಕೆ ತಿಳಿದಿತ್ತು.

ಇಂಥ ಆಪತ್ಸೂಚಕವನ್ನು ಇ.ಪಿ.ಐ.ಆರ್.ಬಿ. ಎನ್ನುವರು. ಅದು 406 ಮೆಗಾಹರ್ಟ್ಸಿನ ಅಲೆಯಲ್ಲಿ ಉಪಗ್ರಹಗಳಿಗೆ ಕರೆ ಕಳುಹಿಸುವುದು. ಆ ಕರೆ ಭಾರತದಲ್ಲಿ ಬೆಂಗಳೂರಿನ ಕೇಂದ್ರವನ್ನು ತಲುಪಿ ಅಲ್ಲಿಂದ ರಕ್ಷಣಾದಳಕ್ಕೆ ಹೋಗುವುದು. ಅದರ ಬ್ಯಾಟರಿ 48 ಗಂಟೆಯಾದರೂ ನಡೆಯಬೇಕು. ದೋಣಿ ಮುಳುಗಿದರೆ ನೀರಿನ ಒತ್ತಡದಿಂದಲೇ ಕೊಂಡಿ ಕಳಚಿ ಮೇಲಕ್ಕೆ ತೇಲಿಬರುವ ಮಾದರಿಯೂ ಇದೆ. ಕೊಳ್ಳುವುದಾದರೆ ಅದನ್ನೇ ಕೊಳ್ಳಬೇಕು, ದೋಣಿಯ ಹೆಸರಿನಲ್ಲಿ ನೋಂದಾಯಿಸಬೇಕು. ಮೀನುಗಾರರಿಗಾಗಿ ನಮ್ಮ ಬಾಹ್ಯಾಕಾಶ ಸಂಸ್ಥೆಯೇ ಇದೇ ಉದ್ದೇಶದ ಬೇರೊಂದು ಸೂಚಕವನ್ನು ರೂಪಿಸಿದೆ. 2024ರಲ್ಲಿ ಬಂದ ಅದರ ಹೊಸ ಮಾದರಿಯಲ್ಲಿ, 'ನಿಮ್ಮ ಕರೆ ಮುಟ್ಟಿತು' ಎಂಬ ಮರುತ್ತರವೂ ಕಡಲಿಗೆ ಹಿಂದಿರುಗುವುದು.

ಆಯ್ಕೆಯ ಕ್ರಮ

ಹಾಗಾದರೆ ಹಣ ಮಿತವಾಗಿದ್ದಾಗ ಕೊಳ್ಳುವ ಕ್ರಮವೇನು? ಮೊದಲು, ವಿದ್ಯುತ್ತು ಬೇಡದ ಉತ್ತಮ ದಿಕ್ಸೂಚಿ, ಕಾಗದದ ನಕ್ಷೆ, ಸೀಸದ ಗುಂಡು. ದಿಕ್ಸೂಚಿಯ ಬಳಿ ಧ್ವನಿವರ್ಧಕವನ್ನಾಗಲಿ ಫೋನನ್ನಾಗಲಿ ಇಡಬಾರದು. ಅವುಗಳ ಅಯಸ್ಕಾಂತವೇ ನಾವು ಮೇಲೆ ಲೆಕ್ಕಹಾಕಿದ 3 ಡಿಗ್ರಿಯನ್ನು ತಪ್ಪಿಸಬಲ್ಲುದು. ಎರಡನೆಯದಾಗಿ ಆಪತ್ಸೂಚಕ ಮತ್ತು ವಿ.ಎಚ್.ಎಫ್. ರೇಡಿಯೋ. ಮೂರನೆಯದಾಗಿ ಆಳಮಾಪಕ. ನಾಲ್ಕನೆಯದಾಗಿ ದೋಣಿಗೆ ಕೂಡಿಸಿದ ಒಂದು ಜಿ.ಪಿ.ಎಸ್., ಡಬ್ಬಿಯೊಳಗಿನ ಮತ್ತೊಂದು. ಎರಡರಲ್ಲೊಂದು ನಾವಿಕ್ ಸಂಕೇತವನ್ನೂ ಓದುವಂತಿದ್ದರೆ ಮೇಲು. ಆಮೇಲೆ ಎ.ಐ.ಎಸ್. ಇವೆಲ್ಲ ಆದ ಬಳಿಕ ಹಣ ಉಳಿದರೆ ರೇಡಾರೂ ದೊಡ್ಡ ಪರದೆಯೂ ಬರಲಿ. ಎಲ್ಲ ಕೆಲಸಗಳನ್ನೂ ಒಂದೇ ಪರದೆಗೆ ಜೋಡಿಸುವ ಮಾದರಿಗಳು ಅಂಗಡಿಯಲ್ಲಿ ಅಂದವಾಗಿ ಕಾಣುತ್ತವೆ. ಆದರೆ ಆ ಒಂದು ಪರದೆ ಆರಿದರೆ ಎಲ್ಲವೂ ಆರುವುದು. ಕೊನೆಯದಾಗಿ ಒಂದು ಪರೀಕ್ಷೆ: ದಂಡೆ ಕಾಣುತ್ತಿರುವಾಗಲೇ ಒಂದು ದಿನ ಮುಖ್ಯ ಸ್ವಿಚ್ಚನ್ನು ಆರಿಸಿ ಬಂದರಿಗೆ ಮರಳಲು ಯತ್ನಿಸಬೇಕು. ಇದರಲ್ಲಿ ತೇರ್ಗಡೆಯಾಗದ ದೋಣಿ ಕವರತ್ತಿಗೆ ಹೊರಡಲು ಸಿದ್ಧವಾಗಿಲ್ಲ.

ಈ ವಿಚಾರವನ್ನು ಅರಿಯಲು ದೋಣಿಯೇ ಬೇಕೆಂದಿಲ್ಲ. ಒಂದು ಕೋನಮಾಪಕದ ಚಪ್ಪಟೆಯ ಅಂಚಿಗೆ ಪೊಳ್ಳು ಕಡ್ಡಿಯನ್ನು ಅಂಟಿಸಿ, ಅದರ ಕೇಂದ್ರದಿಂದ ದಾರದಲ್ಲಿ ಕಲ್ಲೊಂದನ್ನು ಇಳಿಬಿಡಿ. ತಿಳಿಯಾದ ರಾತ್ರಿ, ಉತ್ತರದ ಗುಡ್ಡ ಅಡ್ಡಬಾರದ ಎಡೆಯಲ್ಲಿ ನಿಂತು, ಕಡ್ಡಿಯ ಮೂಲಕ ಧ್ರುವನಕ್ಷತ್ರವನ್ನು ನೋಡಿ, ದಾರವು 90ರ ಗೆರೆಯಿಂದ ಎಷ್ಟು ಸರಿದಿದೆಯೆಂಬುದನ್ನು ಓದಿಕೊಳ್ಳಿ. ಅಗಸೂರಿನ ಬಯಲಿನಲ್ಲಿ ಅದು ಸುಮಾರು 15 ಡಿಗ್ರಿ ಬರಬೇಕು. ಅದೇ ಆ ಊರಿನ ಅಕ್ಷಾಂಶ. ಕವರತ್ತಿಯಲ್ಲಾದರೆ ಹತ್ತೂವರೆ. ಅರಬ್ಬೀ ಸಮುದ್ರದ ಹಿಂದಿನ ನಾವಿಕರು 'ಕಮಾಲ್' ಎಂಬ ಹಲಗೆ ಮತ್ತು ಗಂಟುಹಾಕಿದ ದಾರದಿಂದ ಇದನ್ನೇ ಅಳೆದು ಬಂದರು ಸೇರುತ್ತಿದ್ದರು. ನಿಮ್ಮ ಅಳತೆಯಲ್ಲಿ ಒಂದು ಡಿಗ್ರಿ ತಪ್ಪಿದರೆ ನೆಲದ ಮೇಲೆ 111 ಕಿಲೋಮೀಟರ್ ತಪ್ಪಿದಂತೆ. ಆದರೂ ಆಮೇಲೆ ಕಿಸೆಯ ಫೋನನ್ನು ತೆಗೆದು ಅದರ ಅಕ್ಷಾಂಶವನ್ನು ಓದಿರಿ. ಎರಡೂ ಹೊಂದಿದರೆ, ಒಂದರ ಮಾತನ್ನು ಇನ್ನೊಂದು ಕೇಳದೆಯೇ ಹೇಳಿದ ಎರಡು ಸಾಕ್ಷ್ಯಗಳು ನಿಮ್ಮ ಕೈಯಲ್ಲಿರುತ್ತವೆ.